ಅಡಗೂಲಜ್ಜಿ ಕಥೆ ಸಿನಿಮಾ ಆದಾಗ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಸಿಂಡ್ರೆಲಾ, ಸ್ನೋ ವೈಟ್ ಕಾರ್ಟೂನ್ ಎಲ್ಲಾ ನೋಡಿ ಮುಗಿಸಿದ್ದಾಳೆ. ಈಗ ನಿಜವಾದ ಮನುಷ್ಯರು ನಟಿಸಿರುವುದೇ ಬೇಕು ಅಂತ ಹಟ. ಇತ್ತೀಚಿನ ಎರಡು ಮೂರು ಸಿನಿಮಾ ಮನೆಮಂದಿ ಎಲ್ಲಾ ಕೂತು ನೋಡಿದೆವು. ಗ್ರಾಫಿಕ್ಸ್ ಏನೋ ಜೋರಾಗಿದೆ, ಆದರೆ ರಾತ್ರಿ ನಮ್ಮತ್ತೆ ಹೇಳುವ ಕಥೆಯಷ್ಟು ಹಿಡಿಸುವುದಿಲ್ಲ. ಯಾಕೆ ಹೀಗೆ? ನಿಮಗೆ ಇಷ್ಟವಾದ ಇಂಥ ಸಿನಿಮಾಗಳು ಯಾವುವು? ನಮ್ಮ ಕಡೆಯ ಕಥೆಗಳನ್ನು ಯಾರಾದರೂ ಹೀಗೆ ತೆಗೆದಿದ್ದಾರಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಮೇಡಂ, ನಿಮ್ಮ "ಯಾಕೆ ಹೀಗೆ" ಅನ್ನುವುದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಉಳಿದ ಮಾತೆಲ್ಲ ಅದರ ಮೇಲೇ ನಿಂತಿದೆ.

ಗ್ರಾಫಿಕ್ಸ್ ತಪ್ಪಲ್ಲ. ತೊಂದರೆ ಇರುವುದು ವಿವರಣೆಯಲ್ಲಿ. ನಿಮ್ಮ ಅತ್ತೆಯವರು "ಹುಡುಗಿ ಮರ ಆದಳು" ಅಂದರೆ ಆದಳು, ಅಷ್ಟೇ. ಯಾಕೆ ಆದಳು, ಯಾರ ಶಾಪ, ಶಾಪ ಕೊಟ್ಟವಳ ಬಾಲ್ಯ ಹೇಗಿತ್ತು, ಇದ್ಯಾವುದೂ ಇಲ್ಲ. ಮಗು ಬಾಯಿ ಹಾಕಿದರೆ "ಸುಮ್ನೆ ಹೂಂ ಅನ್ನು" ಅಂತಾರೆ, ಕಥೆ ಮುಂದೆ ಹೋಗುತ್ತದೆ. ಇವತ್ತಿನ ದೊಡ್ಡ ಬಜೆಟ್ಟಿನ ಸಿನಿಮಾಗಳಿಗೆ ಈ ಧೈರ್ಯ ಇಲ್ಲ. ನೋಡುವವರು ಎಲ್ಲಿ ಪ್ರಶ್ನೆ ಕೇಳಿಬಿಡುತ್ತಾರೋ ಅನ್ನುವ ಭಯಕ್ಕೆ ಒಂದೊಂದಕ್ಕೂ ಕಾರಣ ಜೋಡಿಸುತ್ತಾ ಹೋಗುತ್ತಾರೆ.

2017ರ ಬ್ಯೂಟಿ ಅಂಡ್ ದಿ ಬೀಸ್ಟ್ ನೋಡಿರುತ್ತೀರಿ, ಎಮ್ಮಾ ವಾಟ್ಸನ್ ನಟಿಸಿದ್ದು. ಅದರಲ್ಲಿ ನಾಯಕಿ ಬೆಲ್‌ಗೆ ತಾಯಿ ಯಾಕಿಲ್ಲ ಅನ್ನುವುದಕ್ಕೆ ಪ್ಯಾರಿಸ್, ಪ್ಲೇಗು, ಮಾಯದ ಪುಸ್ತಕ ಅಂತ ಒಂದು ಇಡೀ ದೃಶ್ಯ ಇದೆ. ಅಲ್ಲಾ, ಅಜ್ಜಿ ಕಥೆಯ ಹುಡುಗಿಗೆ ತಾಯಿ ಇಲ್ಲದಿರುವುದು ಒಂದು ಸಮಸ್ಯೆಯಾ? ನಮ್ಮ ಕಥೆಗಳಲ್ಲಿ ಅರ್ಧಕ್ಕರ್ಧ ಹುಡುಗಿಯರಿಗೆ ತಾಯಿ ಇರುವುದೇ ಇಲ್ಲ, ಯಾರೂ ಡೆತ್ ಸರ್ಟಿಫಿಕೇಟ್ ಕೇಳಿಲ್ಲ. ಆ ಸಿನಿಮಾ 100 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು, ಆದ್ದರಿಂದ ನನ್ನ ಮಾತನ್ನು ಅವರು ಕೇಳುವ ಅವಶ್ಯಕತೆ ಏನೂ ಇಲ್ಲ ಬಿಡಿ.

2014ರ ಮೆಲಿಫಿಸೆಂಟ್ ಕೂಡ ಇದೇ ಜಾತಿ. ಸ್ಲೀಪಿಂಗ್ ಬ್ಯೂಟಿ ಕಥೆಯ ಮಾಟಗಾತಿ ಯಾಕೆ ಕೆಟ್ಟವಳಾದಳು ಅನ್ನುವುದೇ ಇಡೀ ಸಿನಿಮಾ. ಒಂದು ದೃಶ್ಯ ಮಾತ್ರ ಚೆನ್ನಾಗಿದೆ, ನಂಬಿದವನೇ ರೆಕ್ಕೆ ಕತ್ತರಿಸಿಕೊಂಡು ಹೋದಮೇಲೆ ಅವಳು ಬೆಳಿಗ್ಗೆ ಎದ್ದು ಕೂಗುವುದು. ಆಂಜೆಲಿನಾ ಜೋಲಿ ಅಲ್ಲಿ ಎದೆ ಝಲ್ ಅನ್ನಿಸುತ್ತಾರೆ. ಆ ಕೊಂಬು ಮತ್ತು ಮುಖ ನೋಡಿ ಶೂಟಿಂಗಿಗೆ ಬಂದ ಮಕ್ಕಳು ಹೆದರಿದರಂತೆ, ಕೊನೆಗೆ ಚಿಕ್ಕ ರಾಜಕುಮಾರಿಯ ಪಾತ್ರಕ್ಕೆ ಅವರ ಸ್ವಂತ ಮಗಳನ್ನೇ ಹಾಕಿದರು. ಆದರೆ ಸಿನಿಮಾ ಮುಗಿಯುವಷ್ಟರಲ್ಲಿ ಮಾಟಗಾತಿಯೂ ಒಳ್ಳೆಯವಳೇ. ರಾತ್ರಿ ಬಚ್ಚಲಮನೆಗೆ ಒಬ್ಬರೇ ಹೋಗಲು ಹೆದರುವಂಥ ಒಬ್ಬಳಾದರೂ ಇರಬೇಕಲ್ವಾ ಕಥೆಯಲ್ಲಿ?

ಸರಿ, ಬೈಗುಳ ಸಾಕು. ನನಗೆ ಇಷ್ಟವಾದವಕ್ಕೆ ಬರೋಣ.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ಅದೇ ಬ್ಯೂಟಿ ಅಂಡ್ ದಿ ಬೀಸ್ಟ್ ಕಥೆಯ ಹಳೇ ಫ್ರೆಂಚ್ ಸಿನಿಮಾ, 1946ರದ್ದು. ಕಪ್ಪು ಬಿಳುಪು. ತೆಗೆದವರು ಝಾನ್ ಕಾಕ್ತೊ ಅನ್ನುವ ಕವಿ. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಫ್ರಾನ್ಸಿನಲ್ಲಿ ಕರೆಂಟಿಗೆ ಬರ, ಬಟ್ಟೆಗೆ ಬರ, ಫಿಲಂ ರೀಲಿಗೂ ಬರ. ಸಿಕ್ಕ ಸಿಕ್ಕ ರೀಲಿನಲ್ಲಿ ಶೂಟಿಂಗ್ ಮಾಡಿದರು. ನಡುವೆ ನಿರ್ದೇಶಕರಿಗೇ ಚರ್ಮದ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದರು. ಬೀಸ್ಟ್, ಅಂದರೆ ಮೃಗದ ರೂಪದಲ್ಲಿರುವ ರಾಜಕುಮಾರ, ಆಗಿದ್ದ ಝಾನ್ ಮಾರೆ ಅವರಿಗೆ ದಿನಾ ಮೇಕಪ್ಪಿಗೇ ಸುಮಾರು ಐದು ಗಂಟೆ, ಮುಖಕ್ಕೆ ಮಾತ್ರ ಅಲ್ಲ, ಕೈಗಳಿಗೂ ಕೂದಲು ಅಂಟಿಸಬೇಕಿತ್ತು.

ಸಿನಿಮಾ ಶುರುವಾಗುವ ಮೊದಲೇ ಕಾಕ್ತೊ ನೋಡುವವರ ಹತ್ತಿರ ಒಂದು ಮಾತು ಕೇಳಿಕೊಳ್ಳುತ್ತಾರೆ: ಮಕ್ಕಳು ಹೇಳಿದ್ದನ್ನು ನಂಬುತ್ತವೆ, ನೀವೂ ಸ್ವಲ್ಪ ಹೊತ್ತು ಹಾಗೆ ನಂಬಿ, ಅಂತ. ಆಮೇಲೆ "ಒಂದಾನೊಂದು ಕಾಲದಲ್ಲಿ" ಅಂದು ಕಥೆಗೆ ಇಳಿಯುತ್ತಾರೆ. ಇಡೀ ಸಿನಿಮಾದಲ್ಲಿ ವಿವರಣೆ ಅಂತ ಇರುವುದು ಹೆಚ್ಚುಕಮ್ಮಿ ಇಷ್ಟೇ.

ಬೆಲ್‌ಳ ಅಪ್ಪ, ಪಾಪ ದಾರಿ ತಪ್ಪಿದ ವ್ಯಾಪಾರಿ, ರಾತ್ರಿ ಆ ಕೋಟೆಯ ಒಳಗೆ ಕಾಲಿಡುವ ದೃಶ್ಯ ನಿಮ್ಮ ಮಗಳಿಗೆ ತೋರಿಸಿ. ಕತ್ತಲ ಓಣಿ. ಗೋಡೆಯಿಂದ ಮನುಷ್ಯರ ಕೈಗಳು ಹೊರಗೆ ಚಾಚಿಕೊಂಡಿವೆ, ಒಂದೊಂದು ಕೈಯಲ್ಲೂ ಒಂದೊಂದು ಮೇಣದ ಬತ್ತಿಯ ದೀಪ. ಅವನು ಮುಂದೆ ಮುಂದೆ ನಡೆದ ಹಾಗೆ ಬತ್ತಿಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಇದನ್ನು ಹೇಗೆ ಮಾಡಿದರು ಗೊತ್ತಾ? ಹೊತ್ತಿದ್ದ ಬತ್ತಿಗಳನ್ನು ಆರಿಸುತ್ತಾ, ನಟನನ್ನು ಹಿಂದೆ ಹಿಂದೆ ನಡೆಸಿ, ಆಮೇಲೆ ಆ ರೀಲನ್ನು ಉಲ್ಟಾ ಓಡಿಸಿದರು. ಅವನು ಊಟದ ಮೇಜಿಗೆ ಕೂತರೆ ಮೇಜಿನಿಂದಲೇ ಒಂದು ಕೈ ಎದ್ದು ಲೋಟಕ್ಕೆ ಬಗ್ಗಿಸುತ್ತದೆ. ಒಲೆಯ ಪಕ್ಕದ ಕಲ್ಲಿನ ಮುಖಗಳು ಕಣ್ಣು ಹೊರಳಿಸಿ ನೋಡುತ್ತವೆ, ಮೂಗಿನಿಂದ ಹೊಗೆ.

ಚಿತ್ರದುರ್ಗದಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಿನಿಮಾ ತೋರಿಸುವ ಕೆಲಸ ನನ್ನದು. ಒಂದು ಹಾಲ್, ಪ್ರೊಜೆಕ್ಟರ್, ಕಿಟಕಿಗಳಿಗೆ ಕಂಬಳಿ. ಈ ಸಿನಿಮಾ ಹಾಕುವ ಮುಂಚೆ ನನಗೇ ಅಳುಕಿತ್ತು, ಕಪ್ಪು ಬಿಳುಪು, ಮೇಲಿಂದ ಫ್ರೆಂಚ್, ಐದು ನಿಮಿಷಕ್ಕೆ ಗಲಾಟೆ ಶುರುವಾಗುತ್ತದೆ ಅಂತ. ಫ್ರೆಂಚ್ ಮಾತನ್ನು ನಾನೇ ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋದೆ. ಆ ಕೈಗಳು ಬಂದ ಕೂಡಲೇ ಹಾಲ್ ತಣ್ಣಗಾಯಿತು. ಮುಗಿದಮೇಲೆ ಮುಂದಿನ ಸಾಲಿನ ಒಬ್ಬ ಹುಡುಗ ಕೇಳಿದ ಪ್ರಶ್ನೆ ಒಂದೇ: "ಸಾರ್, ಆ ಕೈಗಳಿಗೆ ನೋವಾಗಲ್ವಾ?" ಆ ಕೈ ಯಾರದ್ದು, ಗೋಡೆಯೊಳಗೆ ಹೇಗೆ ಬಂತು ಅಂತ ಅವನು ಕೇಳಲಿಲ್ಲ. ಬೇರೆ ಯಾರೂ ಕೇಳಲಿಲ್ಲ.

ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದು ಹೊಸದೇನಲ್ಲ. ಇಬ್ಬರು ಅಡ್ಡ ಪರದೆ ಹಿಡಿದು ನಿಂತಿರುತ್ತಾರೆ, ಅವರ ಕಾಲು ಕೆಳಗೆ ಕಾಣುತ್ತಲೇ ಇರುತ್ತದೆ. ಪರದೆಯ ಮೇಲೆ ಕಿರೀಟದ ತುದಿ ಕುಣಿಯುತ್ತದೆ. ವೇಷ ಕಟ್ಟಿರುವವನು ಪಕ್ಕದ ಬೀದಿಯವನು ಅಂತ ಎಲ್ಲರಿಗೂ ಗೊತ್ತು. ಆದರೂ ಪರದೆ ಸರಿದು ರಾಕ್ಷಸ ಒಂದು ಕೂಗು ಹಾಕಿದರೆ ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿನ ಹಿಂದೆ. ಕಾಕ್ತೊ ಮಾಡುವುದೂ ಅದನ್ನೇ. ಅದು ಮನುಷ್ಯರ ಕೈ ಅಂತ ಮುಚ್ಚಿಡುವುದೇ ಇಲ್ಲ.

ಇನ್ನೊಂದು ಸಣ್ಣ ದೃಶ್ಯ. ಬೀಸ್ಟ್ ಬೇಟೆಯಾಡಿ ಬಂದಿರುತ್ತಾನೆ, ಅವನ ಕೈಗಳಿಂದ ಹೊಗೆ ಏಳುತ್ತಿರುತ್ತದೆ. ಬೆಲ್ ಎದುರಿಗೆ ನಿಂತಿದ್ದಾಳೆ. ಅವನಿಗೆ ನಾಚಿಕೆ. ಒಂದು ಪ್ರಾಣಿಯನ್ನು ಕೊಂದ ಕೈ, ಆ ಕೈಗೆ ಅವಮಾನ. ಇದಕ್ಕಿಂತ ಜಾಸ್ತಿ ಏನೂ ಹೇಳುವುದಿಲ್ಲ. ಕೊನೆಯಲ್ಲಿ ಅವನು ರಾಜಕುಮಾರ ಆದಾಗ ಬೆಲ್ ಮುಖದಲ್ಲಿ ಪೂರ್ತಿ ಸಂತೋಷ ಇಲ್ಲ, ಗಮನಿಸಿ. ಅವಳ ಹಿಂದೆ ಬಿದ್ದಿದ್ದ ಹಳ್ಳಿಯ ಪೋಕರಿಯ ಮುಖವೇ ಈ ರಾಜಕುಮಾರನಿಗೂ. ಮೂರೂ ಪಾತ್ರ ಮಾಡಿದವರು ಝಾನ್ ಮಾರೆ ಒಬ್ಬರೇ. ಇದನ್ನು ನೆನಪಿಟ್ಟುಕೊಳ್ಳಿ, ನಮ್ಮದೇ ಒಂದು ಸಿನಿಮಾ ಬಂದಾಗ ಬೇಕಾಗುತ್ತದೆ.

ಈಗ ಸಿಂಡ್ರೆಲಾ. ಗಾಜಿನ ಚಪ್ಪಲಿ, ಕುಂಬಳಕಾಯಿ ರಥ, ಇದೆಲ್ಲ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಬರೆದ ಕಥೆಯಿಂದ ಬಂದದ್ದು. ಗ್ರಿಮ್ ಸಹೋದರರ ಜರ್ಮನ್ ಕಥೆಯಲ್ಲಿ ಚಪ್ಪಲಿ ಚಿನ್ನದ್ದು. ಅಲ್ಲಿ ಅಕ್ಕಂದಿರು ಚಪ್ಪಲಿ ಹಿಡಿಸಲಿ ಅಂತ ಒಬ್ಬಳು ಕಾಲ್ಬೆರಳು, ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಆದರೆ ಕನ್ನಡದ್ದೇ ಒಂದು ಸಿಂಡ್ರೆಲಾ ಇದೆ ಅಂತ ನಿಮಗೆ ಗೊತ್ತಾ? ನಿಮ್ಮ ಅತ್ತೆಯವರನ್ನು ಕೇಳಿ ನೋಡಿ, ಗೊತ್ತಿದ್ದರೂ ಆಶ್ಚರ್ಯ ಇಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ "ಹಂಚಿ"ಯ ಕಥೆ ಅದು. ಬಂಗಾರದ ಕೂದಲಿನ ಹುಡುಗಿ. ಒಡಹುಟ್ಟಿದ ಅಣ್ಣನೇ ಅವಳನ್ನು ಮದುವೆ ಆಗುತ್ತೇನೆ ಅಂತ ಹಟ ಹಿಡಿಯುತ್ತಾನೆ. ತಾಯಿ ಹೌಹಾರಿ ಅವನನ್ನು ಯಾವುದೋ ನೆಪಕ್ಕೆ ಹೊರಗೆ ಕಳಿಸಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಕೊಟ್ಟು ಊರು ಬಿಡಿಸುತ್ತಾಳೆ. ಹುಡುಗಿ ಆ ಹಂಚಿನ ಮುಖ ಹೊತ್ತುಕೊಂಡು ಊರೂರು ಅಲೆದು ಕೊನೆಗೆ ಒಬ್ಬ ಸಾಹುಕಾರರ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಮುಖವಾಡ ತೆಗೆದಿಟ್ಟು ಎಣ್ಣೆ ನೀರು ಹಾಕಿಕೊಳ್ಳುವಾಗ ಸಾಹುಕಾರರ ಮಗ ನೋಡಿಬಿಡುತ್ತಾನೆ. ಮುಂದೆ ಕಥೆ ಬೇರೆ ಬೇರೆ ತಿರುವು ತಗೊಳ್ಳುತ್ತದೆ, ಅದನ್ನು ಅಜ್ಜಿಯ ಬಾಯಲ್ಲೇ ಕೇಳಬೇಕು.

ಈ ಹಂಚಿಗೆ ತೀರ ಹತ್ತಿರದ ನೆಂಟಳು ಪೆರೋ ಬರೆದ ಇನ್ನೊಂದು ಕಥೆಯಲ್ಲಿದ್ದಾಳೆ, ಕತ್ತೆ ಚರ್ಮದ ಹುಡುಗಿ. ಅಲ್ಲಿ ಅಣ್ಣನ ಬದಲು ಅಪ್ಪ. ರಾಣಿ ಸಾಯುವಾಗ "ನನಗಿಂತ ಚೆಲುವೆ ಸಿಕ್ಕರೆ ಮಾತ್ರ ಮದುವೆ ಆಗಿ" ಅಂತ ಮಾತು ತಗೊಂಡಿರುತ್ತಾಳೆ. ರಾಜ್ಯವೆಲ್ಲ ಹುಡುಕಿದರೂ ಹಾಗಿರುವವಳು ಮಗಳೊಬ್ಬಳೇ. ಹುಡುಗಿ ತಪ್ಪಿಸಿಕೊಳ್ಳಲು ಆಗದ ಹೋಗದ ಸೀರೆ ಸೆರಗು ಕೇಳುತ್ತಾಳೆ, ಆಕಾಶದ ಬಣ್ಣದ ಉಡುಪು, ಚಂದ್ರನ ಬಣ್ಣದ್ದು, ಸೂರ್ಯನ ಬಣ್ಣದ್ದು. ರಾಜ ಎಲ್ಲ ಹೊಲಿಸಿ ಕೊಡುತ್ತಾನೆ. ಕೊನೆಗೆ ಚಿನ್ನ ಉದುರಿಸುವ ಕತ್ತೆಯ ಚರ್ಮವನ್ನೇ ಕೇಳಿದರೆ, ಅದನ್ನೂ ಸುಲಿಸಿ ಕೊಡುತ್ತಾನೆ. ಆ ಚರ್ಮ ಹೊದ್ದುಕೊಂಡೇ ಅವಳು ರಾತ್ರೋರಾತ್ರಿ ಓಡಿಹೋಗುತ್ತಾಳೆ.

1970ರಲ್ಲಿ ಝಾಕ್ ದೆಮಿ ಇದನ್ನು ಸಿನಿಮಾ ಮಾಡಿದರು, ಹೆಸರು ಪೋ ದಾನ್, ಇಂಗ್ಲಿಷಿನಲ್ಲಿ ಡಾಂಕಿ ಸ್ಕಿನ್. ಕ್ಯಾಥರೀನ್ ದೆನೊವ್ ನಾಯಕಿ, ಮಿಶೆಲ್ ಲೆಗ್ರಾನ್ ಸಂಗೀತ. ತುಂಬಾ ಹಾಡುಗಳು. ಇದು ನನಗೆ ಹುಚ್ಚು ಹಿಡಿಸಿದ ಸಿನಿಮಾ. ಒಂದು ರಾಜ್ಯದಲ್ಲಿ ಆಳುಗಳ ಮುಖವೆಲ್ಲ ನೀಲಿ, ಇನ್ನೊಂದು ರಾಜ್ಯದಲ್ಲಿ ಕುದುರೆಗಳೂ ಕೆಂಪು. ರಾಜ ಕೂರುವ ಸಿಂಹಾಸನ ಒಂದು ದೊಡ್ಡ ಬಿಳಿ ಬೆಕ್ಕು. ಆ ರಾಜನ ಪಾತ್ರದಲ್ಲಿ ಯಾರು? ಕಾಕ್ತೊ ಸಿನಿಮಾದ ಬೀಸ್ಟ್, ಅದೇ ಝಾನ್ ಮಾರೆ, ವಯಸ್ಸಾಗಿದೆ ಅಷ್ಟೇ. ಕೊನೆಯಲ್ಲಿ ಮದುವೆಗೆ ಅಪ್ಪ ಮತ್ತು ಕಾಪಾಡಿದ ದೇವತೆ ಬರುವುದು ಹೆಲಿಕಾಪ್ಟರ್‌ನಲ್ಲಿ! ಯಾಕೆ ಅಂತ ಕೇಳಬೇಡಿ. ದೆಮಿ ಹೇಳುವುದೂ ಇಲ್ಲ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಸ್ನೇಹಿತರೊಬ್ಬರು ನಮ್ಮ ಮನೆಗೆ ಬಂದಾಗ ಇದರ ಅರ್ಧ ಗಂಟೆ ನೋಡಿದರು. ಆಕಾಶದ ಬಣ್ಣದ ಉಡುಪಿನ ದೃಶ್ಯದಲ್ಲಿ ರಿಮೋಟ್ ಕಿತ್ತುಕೊಂಡು ನಿಲ್ಲಿಸಿದರು. ಆ ಬಟ್ಟೆಯ ಮೇಲೆ ಮೋಡ ಓಡುತ್ತಿರುತ್ತದೆ. ಎದ್ದು ಹೋಗಿ ಟಿವಿಗೆ ಮೂಗು ತಾಗಿಸಿ ನೋಡಿ, "ಇದು ಜರಿ ಅಲ್ಲ ಕಣ್ರೀ, ಇದರ ಮೇಲೆ ಏನೋ ಬಿಡ್ತಿದಾರೆ" ಅಂದರು. ನೇಯುವವರ ಕಣ್ಣಿಗೆ ಮೋಸ ಮಾಡುವುದು ಕಷ್ಟ.

ಒಂಬತ್ತು ವರ್ಷದ ಹುಡುಗಿಗೆ ಇದನ್ನು ತೋರಿಸಬಹುದಾ? ಅಪ್ಪನೇ ಮದುವೆ ಆಗುತ್ತೇನೆ ಅನ್ನುವ ಮಾತು ಇರುವುದು ನಿಜ. ಆದರೆ ಅದು ತಪ್ಪು ಅಂತ ಆ ದೇವತೆ ಒಂದು ಹಾಡಿನಲ್ಲೇ ಹುಡುಗಿಗೆ ಬಿಡಿಸಿ ಹೇಳುತ್ತಾಳೆ, ಮುಜುಗರ ಆಗುವಂಥ ದೃಶ್ಯ ಒಂದೂ ಇಲ್ಲ. ಹಂಚಿಯ ಕಥೆಯನ್ನು ಅಜ್ಜಿಯರು ಮಕ್ಕಳ ಮುಂದೆಯೇ ಹೇಳಿಕೊಂಡು ಬಂದಿದ್ದಾರೆ. ಮನೆಯವರೇ ಕೆಟ್ಟದಾಗಿ ನಡೆದುಕೊಂಡರೂ ಓಡಿಹೋಗಿ ಬದುಕಬಹುದು ಅನ್ನುವುದು ಹೆಣ್ಣುಮಕ್ಕಳಿಗೆ ಗೊತ್ತಿರಲಿ ಅಂತಲೇ ಹೇಳುತ್ತಿದ್ದರು ಅನ್ನಿಸುತ್ತದೆ ನನಗೆ. ಆದರೂ ಮೊದಲು ನೀವೊಬ್ಬರೇ ನೋಡಿ, ಆಮೇಲೆ ತೀರ್ಮಾನ ಮಾಡಿ.

ನಿಶ್ಚಿಂತೆಯಾಗಿ ಎಲ್ಲರೂ ಕೂತು ನೋಡುವ ಸಿಂಡ್ರೆಲಾ ಬೇಕು ಅಂದರೆ 1973ರ ಥ್ರೀ ವಿಶಸ್ ಫಾರ್ ಸಿಂಡ್ರೆಲಾ. ಆಗಿನ ಚೆಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿ ಸೇರಿ ಮಾಡಿದ್ದು, ನಿರ್ದೇಶಕ ವಾಟ್ಸ್ಲಾವ್ ವೊರ್ಲಿಚೆಕ್. ಎಲ್ಲ ಕಡೆ ಹಿಮ. ನಾಯಕಿ ಕುದುರೆ ಓಡಿಸುತ್ತಾಳೆ, ಬಿಲ್ಲು ಹಿಡಿದು ಗುರಿ ಇಡುತ್ತಾಳೆ, ರಾಜಕುಮಾರನಿಗಿಂತ ಚುರುಕು. ಇಲ್ಲಿ ದೇವತೆ ಇಲ್ಲ, ಕುಂಬಳಕಾಯಿ ಇಲ್ಲ. ಗಾಡಿಯಲ್ಲಿ ತೂಕಡಿಸುತ್ತಿದ್ದ ಆಳಿನ ಮೂಗಿನ ಮೇಲೆ ಮರದಿಂದ ಬಿದ್ದ ಮೂರು ಕಾಯಿ, ಅಷ್ಟೇ. ಅವಳಿಗೆ ಯಾವಾಗ ಏನು ಬೇಕೋ ಆಗ ಒಂದೊಂದು ಕಾಯಿ ಒಡೆದು ಬೇಟೆಗಾರನ ಉಡುಪು, ಕುಣಿತಕ್ಕೆ ಹೋಗುವ ಉಡುಪು, ಮದುವೆಯ ಉಡುಪು ಬರುತ್ತವೆ. ಜರ್ಮನಿ, ಚೆಕ್, ನಾರ್ವೆಯಲ್ಲಿ ಕ್ರಿಸ್‌ಮಸ್ ಬಂತು ಅಂದರೆ ಟಿವಿಯಲ್ಲಿ ಇದು ಇರಲೇಬೇಕು. ನಾರ್ವೆಯಲ್ಲಂತೂ ಗಂಡು, ಹೆಣ್ಣು, ಮುದುಕಿ ಎಲ್ಲರ ಮಾತನ್ನೂ ಒಬ್ಬರೇ ಗಂಡಸು ಹೇಳಿದ್ದಾರೆ. ಅಲ್ಲಿಯವರಿಗೆ ಆ ದನಿ ಇಲ್ಲದಿದ್ದರೆ ಹಬ್ಬವೇ ಆಗುವುದಿಲ್ಲವಂತೆ. ಇದನ್ನು ಓದಿದ ಮೇಲೆ ನನ್ನ ಮೈಕಿನ ಬಗ್ಗೆ ನನಗೂ ಸ್ವಲ್ಪ ಧೈರ್ಯ ಬಂತು.

1998ರ ಎವರ್ ಆಫ್ಟರ್ ಬೇರೆ ದಾರಿ ಹಿಡಿದಿದೆ. ಡ್ರೂ ಬ್ಯಾರಿಮೋರ್ ನಾಯಕಿ, ಮಲತಾಯಿಯಾಗಿ ಆಂಜೆಲಿಕಾ ಹ್ಯೂಸ್ಟನ್. ಇದರಲ್ಲಿ ಮಾಯೆ ಅನ್ನುವುದೇ ಇಲ್ಲ. ದೇವತೆಯ ಜಾಗದಲ್ಲಿ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಬಂದು ಸಹಾಯ ಮಾಡುತ್ತಾರೆ! ಇದನ್ನೂ ನಾನು ಒಪ್ಪುತ್ತೇನೆ. ಮಾಯೆ ಇಟ್ಟುಕೊಂಡರೆ ಪ್ರಶ್ನೆ ಕೇಳಬಾರದು, ಪ್ರಶ್ನೆ ಕೇಳಲೇಬೇಕು ಅಂದರೆ ಮಾಯೆಯನ್ನು ಪೂರ್ತಿ ತೆಗೆದುಬಿಡಬೇಕು. ನಡುವೆ ಒಂದು ಕಾಲು ಇತ್ತ ಒಂದು ಕಾಲು ಅತ್ತ ಇಟ್ಟವರೇ ಬೀಳುವುದು. ಒಂದು ದೃಶ್ಯಕ್ಕೆ ಕಾಯಿರಿ: ಕಾಡಿನಲ್ಲಿ ಅಲೆಮಾರಿಗಳು ಇಬ್ಬರನ್ನೂ ಹಿಡಿಯುತ್ತಾರೆ. ಹೊತ್ತುಕೊಂಡು ಹೋಗಲು ಆದಷ್ಟನ್ನು ಹೊತ್ತುಕೊಂಡು ಹೋಗು ಅಂತ ಅವರ ನಾಯಕ ಹುಡುಗಿಗೆ ಅನುಮತಿ ಕೊಡುತ್ತಾನೆ. ಅವಳು ಸೀದಾ ಹೋಗಿ ರಾಜಕುಮಾರನನ್ನೇ ಹೆಗಲ ಮೇಲೆ ಹಾಕಿಕೊಂಡು ಹೊರಡುತ್ತಾಳೆ. ಜಾಣ ಹುಡುಗಿಯ ಕಥೆಗಳು ನಮ್ಮಲ್ಲೂ ಬೇಕಾದಷ್ಟಿವೆ, ಅಜ್ಜಿಗೆ ಇದು ಖಂಡಿತ ಹಿಡಿಸುತ್ತದೆ.

2015ರ ಡಿಸ್ನಿ ಸಿಂಡ್ರೆಲಾ ಬಗ್ಗೆ ನನಗೆ ತಕರಾರಿಲ್ಲ. ಕೆನೆತ್ ಬ್ರಾನಾ ಕಥೆಯನ್ನು ನೆಟ್ಟಗೆ ಹೇಳಿದ್ದಾರೆ, ಕೇಟ್ ಬ್ಲಾಂಚೆಟ್ ಮಲತಾಯಿಯಾಗಿ ಸೊಗಸು, ಸ್ಯಾಂಡಿ ಪೊವೆಲ್ ಮಾಡಿದ ಉಡುಪುಗಳು ಕಣ್ಣಿಗೆ ಹಬ್ಬ. ತಮಾಷೆ ಏನೆಂದರೆ ಆ ಗಾಜಿನ ಚಪ್ಪಲಿಯನ್ನು ಸ್ವರೊವ್ಸ್ಕಿ ಹರಳಿನಲ್ಲಿ ನಿಜಕ್ಕೂ ಮಾಡಿದ್ದರು, ಆದರೆ ಅದನ್ನು ಯಾರೂ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಲಿಲಿ ಜೇಮ್ಸ್ ಬೇರೆ ಚಪ್ಪಲಿ ಹಾಕಿ ಕುಣಿದರು, ಗಾಜನ್ನು ಕಂಪ್ಯೂಟರಿನಲ್ಲಿ ಕೂರಿಸಿದರು. ಯಾರ ಕಾಲಿಗೂ ಹಿಡಿಸದ ಚಪ್ಪಲಿ ಅಂತ ಕಥೆಯಲ್ಲೇ ಇದೆಯಲ್ಲ!

ಸ್ನೋ ವೈಟ್‌ಗೆ ಬಂದರೆ ನಿಮ್ಮ ಮಗಳಿಗೆ 2012ರ ಮಿರರ್ ಮಿರರ್. ಜಲಂಧರ್‌ನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್ ಇದರ ನಿರ್ದೇಶಕರು. ಕೊನೆಗೆ ಎಲ್ಲರೂ ಸಾಲಾಗಿ ನಿಂತು ಹಿಂದಿ ಸಿನಿಮಾ ಥರ ಹಾಡಿ ಕುಣಿಯುವುದು ನೋಡಿದರೆ ಅದು ಗೊತ್ತಾಗಿಬಿಡುತ್ತದೆ. ಏಳು ಕುಳ್ಳರು ಇಲ್ಲಿ ದರೋಡೆ ಮಾಡುವವರು, ಮಡಚುವ ಮರಗಾಲು ಕಟ್ಟಿಕೊಂಡು ದೈತ್ಯರ ಹಾಗೆ ನೆಗೆಯುತ್ತಾರೆ. ಉಡುಪು ಜಪಾನಿನ ಎಯ್ಕೊ ಇಶಿಯೊಕಾ ಅವರದ್ದು, ಸಿನಿಮಾ ಬಿಡುಗಡೆಗೆ ಸ್ವಲ್ಪ ಮೊದಲು ತೀರಿಕೊಂಡರು. ಕಥೆ ಕಡೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಬಟ್ಟೆ ನೋಡಿ, ನಗಿ.

ನೀವು ದೊಡ್ಡವರು ನೋಡಬೇಕಾದ ಸ್ನೋ ವೈಟ್ ಬೇರೆ ಇದೆ. ಅದೇ 2012ರ ಸ್ಪ್ಯಾನಿಷ್ ಸಿನಿಮಾ ಬ್ಲಾಂಕಾನಿಯೆವೆಸ್, ಪಾಬ್ಲೊ ಬೆರ್ಗರ್ ಅವರದ್ದು. ಮಾತೇ ಇಲ್ಲ, ಕಪ್ಪು ಬಿಳುಪು. ಕಥೆ ನಡೆಯುವುದು 1920ರ ಸುಮಾರಿನ ಸೆವಿಲ್ ಊರಿನಲ್ಲಿ, ಅಪ್ಪ ಗೂಳಿ ಕಾಳಗದ ವೀರ. ಹುಡುಗಿ ಸೇರುವುದು ಗೂಳಿ ಕಾಳಗ ಮಾಡಿಕೊಂಡು ಊರೂರು ತಿರುಗುವ ಕುಳ್ಳರ ತಂಡ. ಏಳು ಜನ ಅಂತ ಹೇಳಿಕೊಳ್ಳುತ್ತಾರೆ, ಎಣಿಸಿದರೆ ಆರೇ! ಸ್ಪೇನಿನ ಗೋಯಾ ಪ್ರಶಸ್ತಿ ಹತ್ತು ಬಂತು ಇದಕ್ಕೆ. ಹೊನ್ನಾಳಿ ಕಡೆ ಹೋರಿ ಬೆದರಿಸುವುದನ್ನು ಬೇಲಿ ಮೇಲೆ ಕೂತು ನೋಡಿ ಬೆಳೆದವರಿಗೆ ಅಖಾಡದ ದೃಶ್ಯಗಳಲ್ಲಿ ಕೈಕಾಲು ಸುಮ್ಮನಿರುವುದಿಲ್ಲ. ಕೊನೆ ಮಾತ್ರ ತುಂಬಾ ನೋವಿನದು, ಮಕ್ಕಳಿಗೆ ಬೇಡ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಕಡೆಯ ಕಥೆಗಳು. ಇವೆ ಮೇಡಂ, ಚೆನ್ನಾಗಿಯೇ ಇವೆ.

ಮೊದಲಿಗೆ ಚೆಲುವಿ. 1992ರದ್ದು, ನಿರ್ದೇಶನ ಗಿರೀಶ್ ಕಾರ್ನಾಡ್. ಭಾಷೆ ಹಿಂದಿ, ಕಥೆ ಮಾತ್ರ ನಮ್ಮದು, ಹೂವಿನ ಮರವಾಗುವ ಹುಡುಗಿಯದ್ದು. ಇದೂ ರಾಮಾನುಜನ್ ಸಂಗ್ರಹದಿಂದಲೇ ಬಂದದ್ದು. ಸೊನಾಲಿ ಕುಲಕರ್ಣಿ ಅವರ ಮೊದಲ ಸಿನಿಮಾ. ಮನೆಯಲ್ಲಿ ಬಡತನ, ಹುಡುಗಿ ಮರ ಆಗುತ್ತಾಳೆ, ತಂಗಿ ಹೂ ಬಿಡಿಸಿಕೊಳ್ಳುತ್ತಾಳೆ, ಮೇಲೆ ನೀರು ಹಾಕಿದರೆ ಮತ್ತೆ ಹುಡುಗಿ. ಒಂದೇ ಷರತ್ತು, ಹೂ ಬಿಡಿಸುವಾಗ ಎಲೆಗೆ, ರೆಂಬೆಗೆ ಪೆಟ್ಟಾಗಬಾರದು. ಮದುವೆ ಆದಮೇಲೆ ಗಂಡನ ಮನೆಯ ಸಣ್ಣ ಹುಡುಗಿ ತಮಾಷೆ ನೋಡುವ ಆಸೆಗೆ ಇವಳನ್ನು ಪೀಡಿಸಿ ಮರ ಮಾಡಿಸುತ್ತಾಳೆ. ಜೊತೆಗೆ ಬಂದ ಮಕ್ಕಳು ರೆಂಬೆ ಮುರಿದು, ಎಲೆ ಕಿತ್ತು, ಅರ್ಧಕ್ಕೆ ಬಿಟ್ಟು ಓಡಿಹೋಗುತ್ತಾರೆ.

ಇಲ್ಲಿ ದೊಡ್ಡ ಗ್ರಾಫಿಕ್ಸ್ ಏನೂ ಇಲ್ಲ. ಹುಡುಗಿ ಕೂರುತ್ತಾಳೆ, ಆಮೇಲೆ ಮರ ಇದೆ. ನಾನು ಶುರುವಿನಲ್ಲಿ ಹೇಳಿದೆನಲ್ಲ, ಆದಳು ಅಂದರೆ ಆದಳು. ಆ ಮಕ್ಕಳು ಕೆಟ್ಟವರಲ್ಲ, ಮಾಟ ಮಾಡುವವರಲ್ಲ, ಜಾತ್ರೆಯಲ್ಲಿ ಸಿಗುವಂಥ ಸಾಮಾನ್ಯ ಮಕ್ಕಳು, ಅದೇ ನೋಡಲು ಕಷ್ಟ. ಜನಪದ ಕಥೆಯಲ್ಲಿ ಅವಳು ಕೊನೆಗೆ ಮೊದಲಿನ ಹಾಗೆ ಆಗುತ್ತಾಳೆ. ಸಿನಿಮಾ ಅಷ್ಟು ಸುಲಭಕ್ಕೆ ಸಮಾಧಾನ ಕೊಡುವುದಿಲ್ಲ, ಕಾಡು ಕಡಿಯುವವರ ಕಡೆಗೆ ಬೆರಳು ತೋರಿಸುತ್ತದೆ. ಕಾರ್ನಾಡರು ಊರಿನ ಗೌಡರ ಪಾತ್ರವನ್ನೂ ಮಾಡಿದ್ದಾರೆ. ಇದೇ ಕಥೆಯನ್ನು ಇಟ್ಟುಕೊಂಡು ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ಒಂದು ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಕೂಡ ಮಾಡಿದರು. ಎಲ್ಲಿಯ ಅಜ್ಜಿ, ಎಲ್ಲಿಯ ಆಪೆರಾ!

ಇನ್ನೊಂದು ನಾಗಮಂಡಲ, 1997, ಟಿ.ಎಸ್. ನಾಗಾಭರಣ ನಿರ್ದೇಶನ, ಸಿ. ಅಶ್ವತ್ಥ್ ಸಂಗೀತ. ಕಾರ್ನಾಡರ ನಾಟಕದಿಂದ ಬಂದದ್ದು, ಆ ನಾಟಕದ ಬೇರು ಮತ್ತೆ ರಾಮಾನುಜನ್ ಹೇಳಿದ ಎರಡು ಜನಪದ ಕಥೆ. ಹೆಂಡತಿಯನ್ನು ಮನೆಯಲ್ಲಿ ಬೀಗ ಹಾಕಿ ಇಟ್ಟು ಹೋಗುವ ಗಂಡ, ರಾತ್ರಿ ಅದೇ ಗಂಡನ ರೂಪದಲ್ಲಿ ಬರುವ ನಾಗ. ಎರಡೂ ಪಾತ್ರ ಪ್ರಕಾಶ್ ರೈ ಅವರದ್ದೇ. ಝಾನ್ ಮಾರೆ ನೆನಪಾದರಾ? ಫ್ರೆಂಚ್ ಕಥೆಯಲ್ಲಿ ಪ್ರಾಣಿ ಕಳೆದು ಗಂಡ ಸಿಗುತ್ತಾನೆ, ಇಲ್ಲಿ ಗಂಡನ ಮುಖ ಹಾಕಿಕೊಂಡು ಬಂದ ಹಾವೇ ಪ್ರೀತಿ ಕೊಡುತ್ತದೆ. ನಮ್ಮ ಕಥೆ ಇನ್ನೂ ಒಂದು ಕೈ ಮುಂದೆ ಅನ್ನುವುದು ನನ್ನ ಅಭಿಪ್ರಾಯ. ಪ್ರಕಾಶ್ ರೈ ಅದೇ ಮುಖ, ಅದೇ ಮೈಯಲ್ಲಿ ಇಬ್ಬರನ್ನೂ ಬೇರೆ ಬೇರೆ ಮಾಡಿ ತೋರಿಸುತ್ತಾರೆ, ಬರೀ ಬಾಗಿಲು ದಾಟಿ ಒಳಗೆ ಬರುವ ರೀತಿಯಲ್ಲೇ ಗೊತ್ತಾಗುತ್ತದೆ. ಇದು ಮಗಳು ಮಲಗಿದ ಮೇಲೆ ನೋಡುವ ಸಿನಿಮಾ.

ಮಗಳಿಗೆ ಸತ್ಯಜಿತ್ ರಾಯ್ ಅವರ ಗೂಪಿ ಗಾಯ್ನೆ ಬಾಘಾ ಬಾಯ್ನೆ ಹಾಕಿ. 1969ರ ಬಂಗಾಳಿ ಸಿನಿಮಾ, ಕಥೆ ಅವರ ತಾತ ಉಪೇಂದ್ರಕಿಶೋರ್ ಬರೆದದ್ದು. ಬೇಸುರ ಹಾಡುವವನೊಬ್ಬ, ಡೋಲು ಬಡಿಯಲು ಬಾರದವನೊಬ್ಬ, ಇಬ್ಬರಿಗೂ ದೆವ್ವಗಳ ರಾಜ ವರ ಕೊಡುತ್ತಾನೆ. ಆ ದೆವ್ವಗಳ ಕುಣಿತ ಆರು ನಿಮಿಷಕ್ಕೂ ಜಾಸ್ತಿ ಇದೆ, ಒಂದೇ ಒಂದು ಮಾತಿಲ್ಲ. ಚಿತ್ರದುರ್ಗದಲ್ಲಿ ಹಾಕಿದಾಗ ಮಕ್ಕಳು ಅದನ್ನು ಮತ್ತೆ ಹಾಕಿ ಅಂತ ಕೂಗಿದರು, ಹಾಕಿದೆ. ಭಾಷೆ ಅಡ್ಡ ಬರಲೇ ಇಲ್ಲ.

ಅತ್ತೆಯವರ ಕಾಲದ್ದು ಬೇಕು ಅಂದರೆ ತೆಲುಗಿನ ಪಾತಾಳ ಭೈರವಿ, 1951. ಎನ್.ಟಿ. ರಾಮರಾವ್ ನಾಯಕ, ಮಂತ್ರವಾದಿಯಾಗಿ ಎಸ್.ವಿ. ರಂಗರಾವ್. ಅಲ್ಲಾದ್ದೀನನ ಕಥೆಯ ವಾಸನೆ ಧಾರಾಳವಾಗಿದೆ. ಅದನ್ನು ತಯಾರಿಸಿದ ನಾಗಿ ರೆಡ್ಡಿ ಮತ್ತು ಚಕ್ರಪಾಣಿಯವರೇ ಚಂದಮಾಮ ಪತ್ರಿಕೆ ತಂದವರು, ಆದ್ದರಿಂದ ಸಿನಿಮಾ ನೋಡುವಾಗ ಚಂದಮಾಮದ ಚಿತ್ರಗಳು ಎದ್ದು ನಡೆದಾಡಿದ ಹಾಗೆ ಅನ್ನಿಸಿದರೆ ಅದು ಸುಮ್ನೆ ಅಲ್ಲ.

ಅರೇಬಿಯನ್ ನೈಟ್ಸ್ ಬಂತಲ್ಲ, ಇನ್ನೊಂದನ್ನು ಹೇಳದೆ ಬಿಡಲಾಗದು. 1940ರ ದಿ ಥೀಫ್ ಆಫ್ ಬಾಗ್ದಾದ್. ಬ್ರಿಟನ್ನಿನಲ್ಲಿ ಶೂಟಿಂಗ್ ಶುರುವಾಗಿ, ಯುದ್ಧ ಬಂದು, ಅಮೆರಿಕಕ್ಕೆ ಹೋಗಿ ಮುಗಿಸಿದರು. ಹಾರುವ ಕುದುರೆ, ಹಾರುವ ಚಾಪೆ, ಸೀಸೆಯಿಂದ ಎದ್ದು ಬೆಟ್ಟದಷ್ಟಾಗುವ ಭೂತ. ಫೋಟೋಗ್ರಫಿ, ಕಲೆ, ಸ್ಪೆಷಲ್ ಎಫೆಕ್ಟ್ಸ್ ಅಂತ ಮೂರು ಆಸ್ಕರ್ ಬಂತು. ಇಷ್ಟರಲ್ಲಿ ಆ ಭೂತವನ್ನು ಆಟ ಆಡಿಸುವ ಕಳ್ಳ ಹುಡುಗ ಯಾರು? ನಮ್ಮ ಸಾಬು! ಮೈಸೂರು ಸೀಮೆಯಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 1937ರ ಎಲಿಫೆಂಟ್ ಬಾಯ್ ಸಿನಿಮಾಕ್ಕೆ ಅಂತ ಬಂದವರ ಕಣ್ಣಿಗೆ ಬಿದ್ದು ಅಲ್ಲಿಂದ ಲಂಡನ್, ಆಮೇಲೆ ಹಾಲಿವುಡ್. ಆ ಭೂತದ ಕಾಲಿನ ಹತ್ತಿರ ನಿಂತು ಅವನು ಸೊಂಟಕ್ಕೆ ಕೈ ಇಟ್ಟು ಮಾತಾಡುವ ಠೀವಿ ನೋಡಿ. ಆನೆ ಪಕ್ಕದಲ್ಲಿ ಬೆಳೆದ ಹುಡುಗನಿಗೆ ಅಷ್ಟು ದೊಡ್ಡದರ ಮುಂದೆ ಹೇಗೆ ನಿಲ್ಲಬೇಕು ಅಂತ ಹೇಳಿಕೊಡಬೇಕಾ? 2019ರ ಅಲ್ಲಾದ್ದೀನ್ ನೋಡಿರುವ ಮಕ್ಕಳಿಗೆ ಇದನ್ನು ತೋರಿಸಿ, ಎಲ್ಲಿಂದ ಎಲ್ಲಿಗೆ ಬಂತು ಅಂತ ಅವರಿಗೇ ತಿಳಿಯುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಾನಾಗಿದ್ದರೆ ಮಂಡಕ್ಕಿ ಮಿರ್ಚಿ ತಂದಿಟ್ಟುಕೊಂಡು ಮೊದಲ ಭಾನುವಾರ ಸಾಬು, ಆಮೇಲೆ ಮೂರು ಕಾಯಿಯ ಸಿಂಡ್ರೆಲಾ, ಆಮೇಲೆ ಗೂಪಿ ಬಾಘಾ. ಇಷ್ಟಾದ ಮೇಲೆ ಕಪ್ಪು ಬಿಳುಪು, ಬೇರೆ ಭಾಷೆ ಅನ್ನುವ ಹೆದರಿಕೆ ಹೋಗಿರುತ್ತದೆ, ಆಗ ಕಾಕ್ತೊ. ರಾತ್ರಿಯೇ ಹಾಕಿ, ಲೈಟ್ ಆರಿಸಿ. ಸಬ್‌ಟೈಟಲ್ ಓದುವುದು ಅವಳಿಗೆ ಕಷ್ಟ ಆದರೆ ನೀವೇ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಿ, ಪ್ರತಿ ಮಾತೂ ಹೇಳಬೇಕಾಗಿಲ್ಲ, ಯಾರು ಯಾರಿಗೆ ಏನಂದರು ಅಂತ ಗೊತ್ತಾದರೆ ಸಾಕು. ಮೊಬೈಲಿನಲ್ಲಿ ಮಾತ್ರ ತೋರಿಸಬೇಡಿ, ಆ ಕೈಗಳು ಅಂಗೈ ಅಗಲದ ಪರದೆಯಲ್ಲಿ ಏನೂ ಅಲ್ಲ. ಚೆಲುವಿಯನ್ನು ಇನ್ನೊಂದು ವರ್ಷ ತಡೆದು ತೋರಿಸಿದರೆ ಒಳ್ಳೆಯದು. ಕೆಂಪು ಟೋಪಿ ಹುಡುಗಿಯ ಕಥೆ ಸಿಗುತ್ತಾ ಅಂತ ಹುಡುಕಿದರೆ 1984ರ ದಿ ಕಂಪನಿ ಆಫ್ ವುಲ್ವ್ಸ್ ಅಂತ ಒಂದು ಸಿಗುತ್ತದೆ. ಅದ್ಭುತ ಸಿನಿಮಾ, ಮನುಷ್ಯನ ಚರ್ಮ ಸೀಳಿಕೊಂಡು ತೋಳ ಹೊರಗೆ ಬರುತ್ತದೆ. ಅದನ್ನು ಇನ್ನೊಂದು ಏಳೆಂಟು ವರ್ಷ ಮುಟ್ಟಬೇಡಿ.